ನಮ್ಮತ್ತೆ ಕೇದಾರಕ್ಕೆ ಹೊಲಿಸಿದ ಜಾಕೆಟ್

ನಮ್ಮತ್ತೆ ಸೋಮವ್ವನ ಜಾಕೆಟಿನ ಕತೆಯನ್ನು ಕುರ್ಲಾದ ನಮ್ಮ ಚಾಳಿನವರು ಅರ್ಧಂಬರ್ಧ ಹೇಳಿ ನಗುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಗುವವರು ನಗಲಿ, ಬೇಡ ಅನ್ನುವುದಿಲ್ಲ. ಆದರೆ ಪೂರಾ ಕೇಳಿ ನಗಲಿ. ನಾನು ಆಕೆಯ ಸೊಸೆ ಇಂದ್ರಾಬಾಯಿ, ಮೊದಲಿಂದ ಕೊನೆಯವರೆಗೆ ಪಕ್ಕದಲ್ಲೇ ಇದ್ದವಳು.

ಅತ್ತೆ ಬಿಜಾಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಕಂಕುಳಲ್ಲಿ ಮಗನನ್ನು ಎತ್ತಿಕೊಂಡು ಮುಂಬಯಿಗೆ ಬಂದವರು, ಕಟ್ಟಡದ ಕೆಲಸಕ್ಕೆ ನಿಂತರು. ಕಲಸಿದ ಸಿಮೆಂಟು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲಾವನ್ನು ತಲೆಯ ಮೇಲಿಟ್ಟು ಅಂಚು ಹಿಡಿದುಕೊಂಡು ಬಿದಿರಿನ ಏಣಿ ಹತ್ತುವುದು, ಖಾಲಿ ಮಾಡಿ ಇಳಿಯುವುದು, ಮತ್ತೆ ಹತ್ತುವುದು. ಆ ದುಡಿಮೆಯಲ್ಲೇ ಮಗನನ್ನು ಓದಿಸಿ ಕಾರ್ಖಾನೆಗೆ ಸೇರಿಸಿದರು. ಲೋಕಲ್ ರೈಲಿನಲ್ಲಿ ಅವರ ಜೊತೆ ಕೂತರೆ ಭಾಂಡುಪ್ ಬರುವಷ್ಟರಲ್ಲಿ ನನ್ನ ಕಿವಿ ತುಂಬಿ ಹೋಗುತ್ತಿತ್ತು. "ಅದಾ ನೋಡು, ಆ ಬಿಲ್ಡಿಂಗ್. ಅದರ ಮ್ಯಾಲಿನ ಸ್ಲ್ಯಾಬಿಗೆ ನಾನ ಮಾಲ್ ಹೊತ್ತೀನಿ" ಎಂದು ಡಬ್ಬಿಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ಹೇಳುತ್ತಿದ್ದರು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು, ಆಮೇಲೆ ನಾನೇ ಬೆರಳು ಮಾಡಿ ತೋರಿಸತೊಡಗಿದೆ.

ಎಪ್ಪತ್ತಮೂರನೆಯ ಇಸವಿಯಲ್ಲಿ ಭಾಂಡುಪ್‌ನ ಚನ್ನಬಸಯ್ಯನವರು ನಮ್ಮ ಕಡೆಯ ಲಿಂಗಾಯತ ಮಂದಿಯನ್ನು ಕೇದಾರಕ್ಕೆ ಕರೆದುಕೊಂಡು ಹೊರಟರು. ಬ್ಯಾಂಕಿನಲ್ಲಿ ನೌಕರಿ, ಜಂಗಮರು, ಮಾತು ಖಡಕ್. ಅತ್ತೆ ತಾನೂ ಬರುತ್ತೇನೆಂದರು. ಕುದುರೆ ಬೇಡ, ಡೋಲಿ ಬೇಡ, ನಡೆದೇ ಹತ್ತುತ್ತೇನೆಂದರು.

"ಯಾಕ್ರೀ ಅತ್ತಿ, ಈ ವಯಸ್ಸಿನ್ಯಾಗ ಹಟ?" ಅಂದೆ.

"ಇಷ್ಟ ವರ್ಷ ಮಂದಿ ಮನಿ ಹತ್ತೀನಿ, ತಲಿ ಮ್ಯಾಲ ಭಾರ ಹೊತಗೊಂಡು. ಒಂದ ಸಲ, ಒಂದ ಗುಡ್ಡ, ತಲಿ ಮ್ಯಾಲ ಏನೂ ಇಲ್ದ ಹತ್ತಬೇಕವಾ ಇಂದ್ರಾ. ಅಷ್ಟ ನೋಡು ನನ್ನ ಆಶಾ."

ಇಂಥ ಮಾತಿಗೆ ಏನು ಎದುರಾಡುವುದು! ನಾನೂ ಜೊತೆಗೆ ಹೊರಟೆ. ಆದರೆ ಚನ್ನಬಸಯ್ಯನವರು ಒಂದು ಷರತ್ತು ಹಾಕಿದರು.

"ನೋಡವಾ ಸೋಮವ್ವ, ಮ್ಯಾಲ ಥಂಡಿನೂ ಐತಿ, ಮಳಿನೂ ಐತಿ. ಹೋದ ಸಲ ಒಬ್ಬಾಕಿ ತೊಯ್ದು ಜ್ವರ ಬಂದು ಕೈ ಬಿಟ್ಟು ಹೋಗೂ ಹಂಗ ಆಗಿತ್ತು. ಮೈ ಬೆಚ್ಚಗಿರಬೇಕು, ಒಳಗ ಹನಿ ನೀರು ಇಳಿಬಾರದು, ಅಂಥಾ ಜಾಕೆಟ್ ತಗೋ. ಹೊರಡೂ ಹಿಂದಿನ ದಿನ ನಾನ ಬಂದು ನೋಡ್ತೀನಿ. ಸರಿ ಇಲ್ಲಂದ್ರ ನೀ ಕೆಳಗ ಧರ್ಮಶಾಲಾದಾಗ ಕೂಡು, ನಾವು ಹೋಗಿ ಬರ್ತೀವಿ."

ರವಿವಾರ ನಾನೂ ಅತ್ತೆಯೂ ಜಾಕೆಟ್ ಹುಡುಕಲು ಹೊರಟೆವು. ಸ್ಟೇಷನ್ ಬಳಿ ಪ್ಲಾಸ್ಟಿಕ್ ರೇನ್‌ಕೋಟ್ ಸಿಕ್ಕಿತು. ತೊಟ್ಟು ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅತ್ತೆ ಬೆವತು ಹೋದರು. "ಮಳಿ ಹೊರಗಿಂದ ಬರೂದಿಲ್ಲ, ಒಳಗಿಂದ ಬರ್ತೈತಿ" ಎಂದು ಕಳಚಿ ಒಗೆದರು. ಉಣ್ಣೆಯ ಸ್ವೆಟರ್ ಬೆಚ್ಚಗೇನೋ ಇತ್ತು, ನೀರು ಬಿದ್ದರೆ ಮುಗಿಯಿತು. ಕೊನೆಗೆ ಚೋರ್ ಬಜಾರಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ದಪ್ಪ ಕ್ಯಾನ್ವಾಸಿನ ಜಾಕೆಟ್ ಕಂಡಿತು. ಮೇಲೆ ರಬ್ಬರ್ ಬಳಿದಿತ್ತು, ಒಳಗೆ ಉಣ್ಣೆಯ ಅಸ್ತರ, ತಲೆಗೆ ಟೊಪ್ಪಿಗೆ, ಮುಂದೆ ಜಿಪ್ಪು. ಅಂಗಡಿಯವನು, "ಮಿಲಿಟರಿ ಕಾ ಮಾಲ್ ಹೈ ಮಾಯಿ" ಅಂದ.

ಅತ್ತೆ ಅದನ್ನು ತೊಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತರು, ಎದ್ದರು, ಬಗ್ಗಿದರು. ಎದೆಯ ಮೇಲಿನ ಲಿಂಗದ ಕರಡಿಗೆಗೆ ಜಿಪ್ಪು ಒತ್ತುವುದಿಲ್ಲವೆಂದು ಕೈಯಾಡಿಸಿ ನೋಡಿದರು. "ಕೇದಾರದಿಂದ ಬಂದ ಮ್ಯಾಲ ಮಳಿಗಾಲದಾಗ ಕೆಲಸಕ್ಕೂ ಆಗ್ತೈತಿ. ಗುಡ್ಡಕ್ಕೊಂದು, ದಿನಾ ಹಾಕ್ಕೊಳ್ಳಾಕ ಒಂದು ಅಂತ ತಗೊಳ್ಳಾಕ ನಾವೇನ ಸಾಹುಕಾರಲ್ಲ" ಎಂದು ಕೊಂಡರು. ಮನೆಗೆ ಬರುವವರೆಗೂ ಅದನ್ನು ಎದೆಗವುಚಿಕೊಂಡಿದ್ದರು.

ಮಾರನೆಯ ದಿನ ಬಚ್ಚಲ ಕಡೆಯಿಂದ ಧಪ್ ಧಪ್ ಸದ್ದು ಕೇಳಿತು. ಓಡಿದೆ. ಅಯ್ಯೋ ಶಿವನೇ! ಕುದಿಯುವ ನೀರು, ವಾಷಿಂಗ್ ಸೋಡಾ, ಒಗೆಯುವ ಕಲ್ಲು, ಅದರ ಮೇಲೆ ನಿನ್ನೆ ತಂದ ಜಾಕೆಟ್! ಅತ್ತೆ ಸೀರೆ ಬಡಿಯುವಂತೆ ಬಡಿಯುತ್ತಿದ್ದಾರೆ.

"ಏನ್ ಮಾಡಾಕತ್ತೀರಿ ಅತ್ತೀ!"

"ಯಾವನ ಮೈ ಮ್ಯಾಲ ಇತ್ತೋ ಏನೋ, ಬದುಕ್ಯಾನೋ ಸತ್ತಾನೋ. ಇದನ್ನ ಹಂಗ ಹಾಕ್ಕೊಂಡು ಕೇದಾರಲಿಂಗನ ಮುಂದ ನಿಲ್ಲಲ್ಯಾ? ಮಡಿ ಮಾಡಬ್ಯಾಡ?"

ಮಡಿಯಾಯಿತು, ಏನು ಕೇಳುತ್ತೀರಿ. ಹಾಲಿನ ಕೆನೆಯಂತೆ ರಬ್ಬರು ಸುಲಿದು ನೀರಿನಲ್ಲಿ ತೇಲುತ್ತಿತ್ತು. ಒಂದು ಚೊಂಬು ನೀರು ಸುರಿದು ನೋಡಿದೆ, ಜರಡಿ ಹಿಡಿದಂತೆ ಸೋರಿತು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವತ್ತು ಅತ್ತೆ ಊಟ ಮಾಡಲಿಲ್ಲ.

ಮರುದಿನ ನಾನು ಏಳುವ ಮೊದಲೇ ಟ್ರಂಕಿನ ತಳದಿಂದ ಒಂದು ಕರಿಯ ಕಂಬಳಿ ತೆಗೆದು ಹರವಿದ್ದರು. ಊರ ಕಡೆ ಕುರುಬರು ನೇಯ್ದದ್ದು, ಹುಣಸೆ ಬೀಜದ ಗಂಜಿಯಂಥ ಸರಿ ಕುಡಿಸಿ ಬಿಗಿ ಮಾಡಿದ್ದು. ಮಳೆಯಲ್ಲಿ ಕುರಿ ಕಾಯುವವರು ಇದನ್ನೇ ಹೊದ್ದು ನಿಲ್ಲುತ್ತಾರೆ. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲ ಎಂಬುದೂ ನಮ್ಮ ಹಿರಿಯರು ನಂಬಿಕೊಂಡು ಬಂದದ್ದೇ. "ಇದನ್ನ ಒಗೀಬೇಕಂತಿಲ್ಲ" ಎಂದು ಅತ್ತೆ ನನ್ನ ಮುಖ ನೋಡದೆ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರೂ ನಕ್ಕರು.

ಚಾಳಿನ ಕೆಳಗೆ ಮಂಗಳೂರು ಕಡೆಯ ಮೋನಪ್ಪನ ಟೈಲರ್ ಅಂಗಡಿ. ಕಂಬಳಿ ಮುಟ್ಟಿ ನೋಡಿ ಆತ ಕೈಮುಗಿದ.

"ಎಂತದು ಅಮ್ಮಾ ಇದು? ನನ್ನ ಮಿಷನಿನ ಸೂಜಿ ಮುರೀತದೆ."

"ಮುರೀಲಿ. ಮುರದರ ಕೈಲೆ ಹೊಲಿ. ನಾ ಕೂಡ್ತೀನಿ ಬಾಜೂಕ."

ಸೂಜಿ ಮುರಿಯಿತು. ಕೈಯಲ್ಲೇ ಹೊಲಿದರು, ದಬ್ಬಳದಿಂದ, ಇಬ್ಬರೂ ಕೂತು. ಹಾಳಾದ ಜಾಕೆಟಿನ ಅಸ್ತರ, ಜಿಪ್ಪು ಬಿಚ್ಚಿ ಇದಕ್ಕೆ ಕೂಡಿಸಿದರು. ಹೊಲಿಗೆಯ ತೂತುಗಳಿಗೆ ಮೋನಪ್ಪ ಮೇಣದ ಬತ್ತಿ ತಿಕ್ಕಿದ, ಅತ್ತೆ ಒಲೆಯ ಮೇಲೆ ಹುಣಸೆ ಬೀಜದ ಸರಿ ಕುದಿಸಿ ಇನ್ನೊಂದು ಕೈ ಬಳಿದರು. ಚಾಳಿನ ತುಂಬ ಆ ವಾಸನೆ.

ಹೊರಡುವ ಹಿಂದಿನ ದಿನ ಚಾಳಿನ ನಳದಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ ಚನ್ನಬಸಯ್ಯನವರು ಹೆಂಡತಿ ರಾಚವ್ವನ ಜೊತೆ ಬಂದರು. ಕಂಬಳಿಯ ಜಾಕೆಟ್ ನೋಡಿ ಅವರ ಹುಬ್ಬು ಗಂಟಾಯಿತು.

"ಇದೇನವಾ ಇದು? ಇದು ನೀರ ತಡೀತೈತಿ?"

ಅತ್ತೆ ಜಿಪ್ಪು ಎಳೆದು, ಟೊಪ್ಪಿಗೆ ಏರಿಸಿ, ಹೋಗಿ ನಳದ ಕೆಳಗೆ ಕೂತುಬಿಟ್ಟರು. ಕೊಡ ಹಿಡಿದು ಪಾಳಿಯಲ್ಲಿ ನಿಂತ ಹೆಂಗಸರು ಹೋ ಎಂದರು.

"ಏ ಸೋಮವ್ವಾ, ನಳ ಏನ್ ನಿನ್ನ ತವರಮನೀದೇನ?" ಎಂದು ಪಕ್ಕದ ಮನೆಯ ಮಲ್ಲವ್ವ ಕೂಗಿದಳು.

"ಹೌದವಾ, ಇವತ್ತೊಂದ ದಿನ ನನ್ನ ತವರಮನೀದ. ತಡಿ!"

ಸಂಗತಿ ತಿಳಿದ ಮೇಲೆ ಅದೇ ಮಲ್ಲವ್ವ, "ಹಂಗಾದ್ರ ಛಂದಂಗ ನೆನಸೂಣ ತಡಿ" ಎಂದು ತನ್ನ ತುಂಬಿದ ಕೊಡವನ್ನೇ ಅತ್ತೆಯ ಮೇಲೆ ಸುರಿದಳು. ನೀರಿಗಾಗಿ ದಿನವೂ ಜುಟ್ಟು ಹಿಡಿಯುವ ಹೆಂಗಸರು ಒಬ್ಬರಾದ ಮೇಲೊಬ್ಬರು ಸುರಿದರು. ಹೊಲಿಗೆ ಒಂದು ಕಡೆ ಕೈ ಕೊಟ್ಟರೂ ಅತ್ತೆಗೆ ಧರ್ಮಶಾಲೆಯೇ ಗತಿ.

ರಾಚವ್ವ ಬಂದು ಕಾಲರಿನ ಒಳಗೆ ಕೈ ಹಾಕಿದರು, ಬೆನ್ನು ಮುಟ್ಟಿದರು, ಕಂಕುಳು ಮುಟ್ಟಿದರು. "ಒಣಾ ಐತ್ರೀ. ಒಳಗ ಬೆಚ್ಚಗೂ ಐತಿ."

"ಸೀರಿ ತೊಯ್ದೈತಲ್ಲ?" ಅಂದರು ಚನ್ನಬಸಯ್ಯನವರು.

"ನೀವು ಹೇಳಿದ್ದು ಜಾಕೆಟ್ಟರೀ ಅಯ್ಯನವರ" ಅಂದರು ಅತ್ತೆ.

ಅವರು ಜೋರಾಗಿ ನಕ್ಕುಬಿಟ್ಟರು. "ನಡಿಯವಾ ಮತ್ತ, ನಾಳೆ ದಾದರ್ ಸ್ಟೇಷನ್ನಿಗೆ ಹೊತ್ತಿಗೆ ಸರಿಯಾಗಿ ಬಾ" ಎಂದು ಹೊರಟರು. ಇಡೀ ಚಾಳಿಗೆ ಚಹಾ ಮಾಡಿ ಕೊಟ್ಟೆ. ಅಷ್ಟು ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆ ಜಾಕೆಟನ್ನು ಅತ್ತೆ ಎಷ್ಟೋ ಮಳೆಗಾಲ ಕೆಲಸಕ್ಕೂ ತೊಟ್ಟರು. ಕೂಲಿಯವರ ಮೇಲಿನ ಮುಕಾದಮ ಶೆಟ್ಟೆಪ್ಪ, "ಕರಡಿ ಬಂತ್ರೋ" ಎಂದು ಚಾಷ್ಟಿ ಮಾಡುತ್ತಿದ್ದ, ಆಮೇಲೆ ತನ್ನ ಹೆಂಡತಿಗೂ ಒಂದು ಹೊಲಿಸಿದ. ಅದಿರಲಿ. ಕೇದಾರದ ದಾರಿ ಹೇಳಬೇಕು.

ಅರ್ಧ ದಾರಿಯಲ್ಲಿ ಹಿಮಗಾಳಿಯೊಂದಿಗೆ ಮಳೆ ಹಿಡಿಯಿತು. ಕುದುರೆಯವರು, "ಮಾಯಿ, ಬೈಠೋ" ಎಂದು ಹಿಂದೆ ಬಿದ್ದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಅವರ ಗಂಟನ್ನು ನಾನು ಹೊತ್ತಿದ್ದೆ, ಕೊಡು ಎಂದು ಅವರು ಕೇಳಲೂ ಬಿಟ್ಟಿರಲಿಲ್ಲ. ಗುಡಿ ಕಾಣುವ ಮೊದಲಿನ ಕಡಿದಾದ ಏರಿನಲ್ಲಿ ಅವರಿಗೆ ಏದುಸಿರು ಬಂತು. ಆಗ ನೋಡಿದೆ, ಅವರ ಎರಡೂ ಕೈ ತಾವಾಗಿಯೇ ಮೇಲೆದ್ದು ತಲೆಯ ಎರಡು ಬದಿ ಹಿಡಿದುಕೊಂಡವು.

"ಅತ್ತೀ, ತಲಿ ನೋಯಾಕತ್ತೇತೇನ್ರೀ?" ಎಂದು ಗಾಬರಿಯಿಂದ ಕೇಳಿದೆ.

ಅವರು ನಿಂತರು. ಒದ್ದೆ ಟೊಪ್ಪಿಗೆಯ ಮೇಲೆ ಕೈಯಾಡಿಸಿದರು, ಘಮೇಲಾದ ಅಂಚು ಹುಡುಕುವವರ ಹಾಗೆ.

"ಇಂದ್ರಾ, ಹಿಡ್ಯಾಕ ಏನೂ ಇಲ್ಲವಾ ಇಲ್ಲಿ! ಏನೂ ಇಲ್ಲ!"

ಹಾಗೆ ಕೂಗಿ, ಎರಡೂ ಕೈ ಬೀಸುತ್ತ ನನ್ನನ್ನು ಹಿಂದೆ ಹಾಕಿ ಹತ್ತಿದರು. ನಾನು ಅಳುತ್ತ ಅವರ ಬೆನ್ನು ನೋಡಿಕೊಂಡು ಹತ್ತಿದೆ.