ಮೈಕಿನ ಮುಂದೆ ಒಂದು ಸುಮಾರು ಮಾತು

ನಮ್ಮ ಫುಟ್‌ಬಾಲ್ ಕೋಚ್ ಮೈಸೂರು ಕಡೆಯವರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ನಡೆದ ಎಲ್ಲ ಫಜೀತಿಗೂ ಅದೇ ಮೂಲ ಎಂದು ನಮ್ಮ ಮನೆಮಂದಿ ಇವತ್ತಿಗೂ ವಾದಿಸುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಾಗಾದರೆ ಹೇಗೆ ಅನ್ನಿಸುತ್ತದೆ ಎಂದು ಯಾರಾದರೂ ಕೇಳಿದರೆ ಅದನ್ನೂ ಸರಿಯಾಗಿ ಹೇಳಲಾರೆ.

ಆಗ ನಾನು ಡಿಗ್ರಿ ಓದುತ್ತಿದ್ದೆ. ಹುಬ್ಬಳ್ಳಿಯ ನವನಗರದ ಒಂದು ಮೈದಾನದಲ್ಲಿ ಹುಡುಗಿಯರ ತಂಡ ಕಟ್ಟಿದ್ದರು, ಅದರಲ್ಲಿ ನಾನು ಗೋಲ್‌ಕೀಪರ್. ಪ್ರತಿಭೆ ನೋಡಿ ನಿಲ್ಲಿಸಿದ್ದೇನೂ ಅಲ್ಲ. ಉಳಿದವರಿಗಿಂತ ಎತ್ತರ ಇದ್ದೆ, ಓಡುವುದಕ್ಕೆ ಮಹಾ ಸೋಮಾರಿ, ಹಾಗಾಗಿ ಗೋಲಿಗೆ ಹಾಕಿದರು. ಆದರೆ ಒಮ್ಮೆ ಅಲ್ಲಿ ನಿಂತ ಮೇಲೆ ಬೇರೆಲ್ಲೂ ನಿಲ್ಲುವ ಮನಸ್ಸಾಗಲಿಲ್ಲ. ಚೆಂಡು ನನ್ನ ಕಡೆ ಬರುವಾಗ ಮನೆ, ಪರೀಕ್ಷೆ, ನನಗೆ ಬರುತ್ತಿದ್ದ ವರಗಳು, ಎಲ್ಲ ಮರೆತು ಹೋಗುತ್ತಿತ್ತು. ಅಷ್ಟು ಖುಷಿ ಆಮೇಲೆ ನನಗೆ ಅಪರೂಪಕ್ಕೆ ಸಿಕ್ಕಿದೆ.

ಅಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಕಮಿಷನ್ನಿನ ಮೇಲೆ ಹತ್ತಿ ಮಾರಿಕೊಡುವ ಅಡತಿ ಅಂಗಡಿ. ರೈತರು ತಂದ ಹತ್ತಿಯನ್ನು ಚಿಟಿಕೆಯಷ್ಟು ತೆಗೆದು, ಎರಡೂ ಹೆಬ್ಬೆರಳ ನಡುವೆ ಎಳೆ ಎಳೆಯಾಗಿ ಜಗ್ಗಿ, ಇದು ಇಂಥ ಮಾಲು ಎಂದು ಹೇಳುವುದೇ ಅವರ ಆಯುಷ್ಯದ ಕೆಲಸ. ಮನುಷ್ಯರನ್ನೂ ಹಾಗೆಯೇ ಜಗ್ಗಿ ನೋಡುತ್ತಾರೆ ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು. ನಾನು ಆಟಕ್ಕೆ ಹೋಗುತ್ತೇನೆ ಎಂದಾಗ ಅವರು ಬೇಡ ಅನ್ನಲಿಲ್ಲ, ಒಂದು ಕರಾರು ಹಾಕಿದರು. “ತಿಳಿದವರು ಛಲೋ ಅಂದ್ರ ಆಡು. ಇಲ್ಲಾಂದ್ರ ಬಿಸಲಾಗ ಸುಮ್ನ ಕುಣಿಯೂದು ಬ್ಯಾಡ, ಓದು ಮುಗಸು.” ತಿಳಿದವರು ಎಂದರೆ ಕೋಚ್. ನನ್ನ ಆಟವೆಲ್ಲ ಆ ಒಬ್ಬ ಮನುಷ್ಯನ ಬಾಯಿಯ ಮೇಲೆ ನಿಂತಿತ್ತು, ಪಾಪ ಅವರಿಗೆ ಅದು ಗೊತ್ತೇ ಇರಲಿಲ್ಲ.

ಬೆಳಗಾವಿಯಿಂದ ಬಂದ ಒಂದು ತಂಡದ ಜೊತೆ ಮ್ಯಾಚ್ ಆಯಿತು. ಒಂದು ಗೋಲಿನಿಂದ ಸೋತೆವು. ಅವರ ಹುಡುಗಿಯರು ಒದ್ದ ಚೆಂಡುಗಳಲ್ಲಿ ಕೆಲವನ್ನು ನಾನು ಒಳ್ಳೆಯ ರೀತಿಯಲ್ಲೇ ತಡೆದಿದ್ದೆ, ಮೊಣಕೈ ಸುಲಿದಿತ್ತು. ಮ್ಯಾಚ್ ಮುಗಿದ ಮೇಲೆ ಊರಿನ ಸುದ್ದಿಗಳನ್ನು ಮೊಬೈಲಿನಲ್ಲಿ ತೋರಿಸುವ ಚಾನೆಲ್ಲಿನ ವರದಿಗಾರ ಬಂದು ಕೋಚ್ ಮುಂದೆ ಮೈಕು ಹಿಡಿದ. ಸೋತದ್ದು ಯಾಕೆ ಎಂದು ಕೇಳಿದ. ಕೋಚ್ ಬೆವರು ಒರೆಸಿಕೊಳ್ಳುತ್ತ ಸಾವಕಾಶ ಹೇಳಿದರು: “ಡಿಫೆನ್ಸ್ ಸ್ವಲ್ಪ ನಿಧಾನ ಆಯ್ತು. ಗೋಲ್‌ಕೀಪರ್ ಸುಮಾರಾಗಿ ಆಡಿದ್ಲು. ಇನ್ನೂ ಬೆಳೀಬೇಕು.”

ಪಕ್ಕದಲ್ಲಿದ್ದ ಹುಡುಗಿಯರು ತಟ್ಟನೆ ನನ್ನ ಮುಖ ನೋಡಿದರು. ಒಬ್ಬಳು ನಕ್ಕಳು ಕೂಡ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಪುಸ್ತಕದಲ್ಲಿ ಸುಮಾರು ಎಂದರೆ ಹೆಚ್ಚುಕಡಿಮೆ ಎಂದಿರಬಹುದು. ಹುಬ್ಬಳ್ಳಿಯಲ್ಲಿ ಊಟ ಸುಮಾರು ಎಂದರೆ ಬಾಯಿಗೆ ಇಡಲಾಗಲಿಲ್ಲ ಎಂದು. ಹುಡುಗ ಸುಮಾರು ಎಂದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಅಪ್ಪನ ಅಂಗಡಿಯಲ್ಲಂತೂ ಕಸ ಕೂಡಿದ, ಮಳೆಗೆ ಸಿಕ್ಕು ಬಣ್ಣಗೆಟ್ಟ ಹತ್ತಿಗೆ ‘ಸುಮಾರ್ ಮಾಲು’ ಎಂದೇ ಹೆಸರು. ಅದನ್ನು ಬೇರೆ ಮಾಲಿನ ಹತ್ತಿರ ಕೂಡ ಇಡುವುದಿಲ್ಲ.

ನಾನು ಬಸ್ಸಿಳಿದು ಉಣಕಲ್ಲಿನ ಮನೆ ಸೇರುವ ಮೊದಲೇ ವಿಡಿಯೋ ಮನೆ ಸೇರಿತ್ತು. ಹತ್ತಿರದ ಸುಳ್ಳ ಗ್ರಾಮದಲ್ಲಿರುವ ಕಾಕಾ ಅದನ್ನು ಮನೆಮಂದಿಯ ಗ್ರೂಪಿಗೆ ಹಾಕಿ, ‘ನಮ್ಮ ಹುಡುಗಿ ನ್ಯೂಸಿನ್ಯಾಗ’ ಎಂದು ಹೂವಿನ ಚಿತ್ರಗಳ ಜೊತೆ ಬರೆದಿದ್ದರು. ಪೂರ್ತಿ ಕೇಳದೆ ಹಾಕಿದ್ದರು ಅನ್ನುವುದು ಸ್ಪಷ್ಟ. ಅಪ್ಪ ಪೂರ್ತಿ ಕೇಳಿದ್ದರು. ಫೋನನ್ನು ಕಿವಿಯ ಹತ್ತಿರ ಹಿಡಿದು ಮತ್ತೆ ಮತ್ತೆ ಕೇಳುತ್ತಿದ್ದರು.

“ನಿಮ್ಮ ಸರೇ ಅಂದಾರಲ್ಲವಾ, ಸುಮಾರ ಅಂತ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. ಫೋನ್ ಕೆಳಗಿಟ್ಟು, “ಕೆಟ್ಟ ಹತ್ತಿ ತಂದ ರೈತಗೂ ನಾವು ನಾಕ ಮಂದಿ ಮುಂದ ಹಂಗ ಅನ್ನೂದಿಲ್ಲ. ಬಾಜೂಕ ಕರದು ಹೇಳ್ತೇವಿ,” ಎಂದರು. ಅಲ್ಲಿಗೆ ಆಟದ ಮಾತು ಮುಗಿಯಿತು.

ನಾನು ಮೈದಾನಕ್ಕೆ ಹೋಗುವುದು ನಿಲ್ಲಿಸಿದೆ. ಅತ್ತುಬಿಟ್ಟೆ, ಸಿಟ್ಟು ಮಾಡಿಕೊಂಡೆ, ಕೋಚ್ ಫೋನ್ ಮಾಡಿದರೆ ಎತ್ತಲಿಲ್ಲ. ನನಗೆ ತಿಳಿಯದೇ ಇದ್ದದ್ದು ಒಂದೇ. ಪ್ರಾಕ್ಟೀಸಿನಲ್ಲಿ ಈ ಮನುಷ್ಯ ನನ್ನನ್ನು ಒಂದು ದಿನವೂ ಬೈದವರಲ್ಲ. ಚೆಂಡು ಹಿಡಿದರೆ ಗುಡ್, ಬಿಟ್ಟರೆ ಪರವಾಗಿಲ್ಲ, ಇನ್ನೊಂದು ಸಲ. ಹಾಗಿದ್ದರೆ ನಾನು ಸುಮಾರು ಎನ್ನುವುದನ್ನು ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು, ನನಗಿಂತ ಮೊದಲು ಮೈಕಿಗೆ ಹೇಳಿದರೇ? ಅಥವಾ ಮೈದಾನದಲ್ಲಿ ಹೇಳಿದ್ದು ಖರೆಯೋ, ಮೈಕಿನಲ್ಲಿ ಹೇಳಿದ್ದು ಖರೆಯೋ?

ಒಂದು ಭಾನುವಾರ ಬೆಳಿಗ್ಗೆ ಅವರೇ ಸ್ಕೂಟರಿನಲ್ಲಿ ಮನೆಗೆ ಬಂದರು. ಮಗಳ ಮರ್ಯಾದೆ ತೆಗೆದವರಾದರೂ ಮನೆಗೆ ಬಂದ ಮೇಲೆ ಬಿಡಲಾಗುವುದಿಲ್ಲ, ಅವ್ವ ಸೂಸಲಾ, ಚಹಾ ತಂದಿಟ್ಟಳು. ಒಗ್ಗರಣೆ ಹಾಕಿದ ಚುರುಮುರಿಯನ್ನು ಅವರು ಒಂದು ಚಮಚ ತಿಂದು, ಹುಡುಗಿ ಯಾಕೆ ಬರುತ್ತಿಲ್ಲ ಎಂದು ಕೇಳಿದರು.

“ನೀವ ಸುಮಾರ ಅಂದೀರಲ್ರಿ ಸರ,” ಎಂದರು ಅಪ್ಪ.

“ಹೌದು ಸಾರ್. ಸುಮಾರಾಗಿ ಆಡಿದ್ಲು. ಅದಕ್ಕೇನಾಯ್ತು?”

ಅಪ್ಪ ಅವ್ವನ ಮುಖ ನೋಡಿದರು, ಅವ್ವ ನನ್ನ ಮುಖ ನೋಡಿದಳು. ಈ ಮನುಷ್ಯನಿಗೆ ಎಷ್ಟು ಧೈರ್ಯ ಎಂದು ನಾನು ಬೆರಗಾದೆ. ಆಮೇಲೆ ಅಪ್ಪ ಅಂಗಡಿಯ ಮಾಲಿನ ವಿಷಯವೆಲ್ಲ ವಿವರಿಸಿದರು. ಕೇಳುತ್ತ ಕೇಳುತ್ತ ಕೋಚ್ ಕೈಯಲ್ಲಿದ್ದ ಚಮಚ ಹಾಗೇ ನಿಂತಿತು. “ಅಯ್ಯೋ ಸಾರ್! ನಮ್ಮ ಕಡೆ ಸುಮಾರಾಗಿ ಅಂದ್ರೆ ತಕ್ಕಮಟ್ಟಿಗೆ ಚೆನ್ನಾಗಿ ಅಂತ. ಹೊಗಳಿದ್ದು ಸಾರ್ ನಾನು!”

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಎದೆ ಹಗುರಾಯಿತು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಪ್ಪ ವ್ಯಾಪಾರಸ್ಥರು, ಅರ್ಧಕ್ಕೆ ಬಿಡುವವರಲ್ಲ. “ಹಂಗಾರ ಛಲೋ ಆಡಿದ್ಳು ಅಂತ ನೆಟ್ಟಗ ಅನ್ಬೇಕಿತ್ತಲ್ರಿ?”

ಕೋಚ್ ಬಹಳ ವಿನಯದಿಂದ ಹೇಳಿದರು: “ಅಷ್ಟೊಂದು ಚೆನ್ನಾಗೇನೂ ಆಡ್ಲಿಲ್ವಲ್ಲ ಸಾರ್.”

ಹಗುರಾಗಿದ್ದ ಎದೆ ಮತ್ತೆ ಭಾರವಾಯಿತು. ಹೊಗಳಿಕೆಯೋ, ತೆಗಳಿಕೆಯೋ, ಯಾವ ಊರಿನ ಅರ್ಥ ಹಿಡಿದುಕೊಳ್ಳಬೇಕು ನಾನು? ಅವರಿಬ್ಬರೂ ನನ್ನನ್ನು ಎದುರಿಗೆ ಕೂರಿಸಿಕೊಂಡೇ ವಾದಕ್ಕಿಳಿದರು. ಮನೆಯ ಹುಡುಗಿಯರ ಬಗ್ಗೆ ಹೊರಗೆ ಮಾತಾಡುವಾಗ ಛಲೋ ಅಂತಲೇ ಹೇಳಬೇಕು, ತಪ್ಪಿದ್ದರೆ ಒಳಗೆ ಕರೆದು ಬೈಯಿರಿ, ಬೇಕಾದರೆ ಎರಡು ಮಾತು ಜಾಸ್ತಿ ಬೈಯಿರಿ ಎಂದು ಅಪ್ಪ. ಹೊರಗೆ ಸುಳ್ಳು ಹೇಳಿದರೆ ಒಳಗೆ ಹೇಳುವ ನಿಜವನ್ನು ಈ ಮಕ್ಕಳು ಯಾಕೆ ನಂಬುತ್ತಾರೆ ಎಂದು ಕೋಚ್. ಅಪ್ಪನ ಮಾತು ಕೇಳಿದಾಗ ಹೌದಲ್ಲ ಅನ್ನಿಸುತ್ತಿತ್ತು. ಕೋಚ್ ಮಾತು ಕೇಳಿದಾಗ ಅದೂ ಹೌದಲ್ಲ ಅನ್ನಿಸುತ್ತಿತ್ತು. ನನ್ನನ್ನು ಮಾತ್ರ ಇಬ್ಬರೂ ಕೇಳಲಿಲ್ಲ.

ಕೊನೆಗೆ ಅಪ್ಪ ತಮ್ಮ ಪದ್ಧತಿಯಂತೆ ಒಂದು ಕರಾರಿಗೆ ಬಂದರು. “ಇನ್ನ ಮೈಕಿನ್ಯಾಗ ಛಲೋ ಅನ್ರಿ, ನಾ ಹುಡುಗೀನ್ನ ಕಳಸ್ತೇನಿ.” ಕೋಚಿಗೆ ಬೇರೆ ಗೋಲ್‌ಕೀಪರ್ ಇರಲಿಲ್ಲ. ತಂಡದಲ್ಲಿ ಇನ್ನೊಬ್ಬ ಎತ್ತರದ ಹುಡುಗಿ ಇದ್ದಿದ್ದರೆ ಅವರು ಒಪ್ಪುತ್ತಿದ್ದರೋ ಇಲ್ಲವೋ, ಆ ಅನುಮಾನ ನನಗೆ ಈಗಲೂ ಇದೆ. ಅವತ್ತು ಒಪ್ಪಿದರು.

ಮುಂದಿನ ಮ್ಯಾಚಿಗೆ ಅಪ್ಪ ಬಂದರು. ಬರುತ್ತೇನೆ ಎಂದು ಹೇಳಿರಲಿಲ್ಲ. ಆಟ ಶುರುವಾದ ಮೇಲೆ ನೋಡಿದರೆ ಅಂಗಡಿಯ ಬಿಳಿ ಅಂಗಿಯಲ್ಲೇ, ಹತ್ತಿಯ ಎಳೆ ಇನ್ನೂ ತೋಳಿಗೆ ಅಂಟಿಕೊಂಡಿರುವಾಗಲೇ, ಗೆರೆಯ ಆಚೆ ನಿಂತಿದ್ದಾರೆ. ನನ್ನ ಆಟವನ್ನು ಅವರು ಕಣ್ಣಾರೆ ನೋಡುತ್ತಿದ್ದದ್ದು ಅದೇ ಮೊದಲು. ನಾನು ಚೆಂಡು ನೋಡುವುದು ಬಿಟ್ಟು ಅವರನ್ನು ನೋಡತೊಡಗಿದೆ.

ಎರಡೂ ಕಡೆ ಗೋಲಿಲ್ಲದೆ ಆಟ ಸಾಗಿತ್ತು. ಕೊನೆಕೊನೆಗೆ ಎದುರಾಳಿ ಹುಡುಗಿಯೊಬ್ಬಳು ದೂರದಿಂದ ಸುಮ್ಮನೆ ಒದ್ದಳು. ಜೋರೇ ಇಲ್ಲದ ಚೆಂಡು, ಚಿಕ್ಕ ಮಕ್ಕಳೂ ಹಿಡಿಯಬಹುದಾದದ್ದು. ನನ್ನ ಕೈಗೆ ಬಂತು. ಬಂದು, ಎರಡು ಕೈಗಳ ನಡುವೆ ಜಾರಿ, ಕಾಲುಗಳ ನಡುವೆ ಹಾದು, ಸಾವಕಾಶ ಗೆರೆ ದಾಟಿತು. ಯಾರೂ ಕೂಗಲಿಲ್ಲ. ಗೋಲು ಹೊಡೆದವಳೇ ಗಾಬರಿಯಾಗಿ ನಿಂತಿದ್ದಳು. ನನಗೆ ಅಲ್ಲೇ ಸತ್ತು ಹೋಗಬೇಕೆನಿಸಿತು.

ಸೀಟಿ ಊದಿದ ಮೇಲೆ ಅದೇ ವರದಿಗಾರ, ಅದೇ ಮೈಕು. ಕೋಚ್ ಓರೆಗಣ್ಣಿನಿಂದ ಅಪ್ಪನನ್ನು ನೋಡಿ, ಗಂಟಲು ಸರಿಮಾಡಿಕೊಂಡು, ಬಾಯಿಪಾಠ ಒಪ್ಪಿಸುವವರ ಹಾಗೆ ನಮ್ಮ ಭಾಷೆಯಲ್ಲಿ ಹೇಳಿದರು: “ಗೋಲ್‌ಕೀಪರ್ ಭಾಳ ಛಲೋ ಆಡಿದ್ಳು.”

ಹುಡುಗಿಯರು ಈ ಸಲ ನನ್ನ ಮುಖ ನೋಡಲಿಲ್ಲ, ನೆಲ ನೋಡಿದರು. ಆ ನಾಚಿಕೆ ಹೇಳಲಾರೆ. ಮೊದಲ ಸಲ ಸುಮಾರು ಎನ್ನಿಸಿಕೊಂಡಾಗ ಸಿಟ್ಟು ಬರಲಿಕ್ಕಾದರೂ ಜಾಗ ಇತ್ತು. ಈ ಛಲೋಗೆ ಏನು ಮಾಡುವುದು? ವರದಿಗಾರನೂ ನಮ್ಮೂರಿನವನೇ, ಸುಮ್ಮನೆ ಬಿಡುವವನಲ್ಲ. “ಅಲ್ರಿ ಸರ, ಚೆಂಡು ಕೈಯಾಗಿಂದ ಜಾರಿ ಹೋತಲ್ರಿ? ನಾ ವಿಡಿಯೋ ಮಾಡೀನಿ,” ಎಂದ.

ಕೋಚ್ ಬಾಯಿಗೆ ಮೈಸೂರಿನ ಮಾತೂ ಬರಲಿಲ್ಲ, ಹುಬ್ಬಳ್ಳಿಯದೂ ಬರಲಿಲ್ಲ. ಬೇರೆ ದಾರಿ ಕಾಣದೆ ಅಪ್ಪನ ಕಡೆ ಕೈ ತೋರಿಸಿ, “ಇವರು ಅವಳ ತಂದೆ, ಇವರನ್ನ ಕೇಳಿ,” ಎಂದುಬಿಟ್ಟರು. ಮೈಕು ಅಪ್ಪನ ಗದ್ದದ ಕೆಳಗೆ ಬಂದು ನಿಂತಿತು.

ಹೊರಗೆ ಛಲೋ ಎಂದೇ ಹೇಳಬೇಕು ಎಂದು ಕರಾರು ಮಾಡಿಸಿದವರು ಅವರೇ. ಈಗ ಹೇಳುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಛಲೋ ಎಂದರೆ ಅಪ್ಪನೂ ಸುಳ್ಳು. ಸುಮಾರು ಎಂದರೆ ನಾಳೆಯಿಂದ ಮೈದಾನ ಬಂದ್. ಯಾವುದನ್ನು ಹೇಳಲಿ ಎಂದು ದೇವರನ್ನು ಬೇಡಿಕೊಳ್ಳಬೇಕು ಎನ್ನುವುದೂ ನನಗೆ ತಿಳಿಯಲಿಲ್ಲ.

 ನಾನು ಕಣ್ಣು ತೆರೆದಾಗ ಅಪ್ಪನ ಹೆಬ್ಬೆರಳು ಬೆರಳಿಗೆ ಉಜ್ಜುತ್ತಿತ್ತು, ಅಲ್ಲಿ ಹತ್ತಿ ಇರಲಿಲ್ಲ. “ಬಿಟ್ಳರಿ ಆ ಚೆಂಡು,” ಎಂದರು. “ನಾನೂ ನೋಡೀನಿ. ಹಿಡೀಬೇಕಿತ್ತು.” ಆಮೇಲೆ ಮೈಕಿನ ಹತ್ತಿರ ಬಾಗಿ ಹೇಳಿದರು: “ಮುಂದಿನ ಮ್ಯಾಚಿಗೂ ಗೋಲಿನ್ಯಾಗ ಆಕೀನ ನಿಲ್ತಾಳ.”

ಕೋಚ್ ತಟ್ಟನೆ ಅಪ್ಪನ ಕಡೆ ತಿರುಗಿದರು. “ಸಾರ್, ಅದನ್ನ ತೀರ್ಮಾನ ಮಾಡಬೇಕಾದವನು ನಾನು,” ಎಂದರು ಮೆಲ್ಲಗೆ, ಮೈಕು ಇನ್ನೂ ಇದೆ ಎನ್ನುವುದನ್ನು ಮರೆತು.

“ಮಾಡ್ರಿ ಮತ್ತ, ಲಗೂ,” ಎಂದು ಅಪ್ಪ ಅವಸರ ಮಾಡಿದರು.

ವರದಿಗಾರ ಮೈಕನ್ನು ಕೋಚ್ ಕಡೆ ತಿರುಗಿಸಿದ. ಕೋಚ್ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದರು. “ಹೂಂ. ಅವಳೇ ನಿಲ್ತಾಳೆ,” ಎಂದರು. ಛಲೋ ಅನ್ನಲಿಲ್ಲ, ಚೆನ್ನಾಗಿ ಅನ್ನಲಿಲ್ಲ. ಅಷ್ಟು ಹೊತ್ತು ಎಲ್ಲಿತ್ತೋ ಗೊತ್ತಿಲ್ಲ, ನನಗೆ ಆಗ ಅಳು ಬಂತು.