‘ಬರ್ತೇನ್ರಿ’ ಅಂದವರಿಗೆ ಎಷ್ಟು ಕುರ್ಚಿ?

ಗೆಳೆಯರೇ, ಇಳಕಲ್ಲಿನ ಕಲಾ ಸಂಸ್ಥೆಯೊಂದಕ್ಕೆ ಊರಿನ ಜನರನ್ನು ಸೇರಿಸುವ ಕಮ್ಯುನಿಟಿ ಮ್ಯಾನೇಜರ್ ಆದ ನನ್ನನ್ನು ಇವತ್ತು ಒಂದೇ ಒಂದು ಮಾತು ಸುಸ್ತು ಮಾಡಿತು. ಬೆಳಿಗ್ಗೆ ನೇಕಾರರ ಓಣಿಯಲ್ಲಿ ಸಿಕ್ಕವರನ್ನೆಲ್ಲ ಸಂಜೆಯ ನಾಟಕಕ್ಕೆ ಕರೆದೆ. ಎಲ್ಲರೂ “ಬರ್ತೇನ್ರಿ” ಎಂದು ನಡೆದೇಬಿಟ್ಟರು. ಎಷ್ಟು ಕುರ್ಚಿ ತರಿಸಲಿ?

ಕೊನೆಗೆ ಸೀರೆ ನೇಯುವ ಶಾಂತವ್ವನವರನ್ನು ತಡೆದು ಕೇಳಿದೆ: “ಶಾಂತವ್ವಾರ, ಬರ್ತೇನಿ ಅಂದ್ರ ನಾಟಕಕ್ಕ ಬರ್ತೀರೋ, ಇಲ್ಲಾ ಈಗ ಹೋಗ್ತೀರೋ?”

“ಹೋಗ್ತೇನಿ ಅಂತ ಯಾರರ ಅಂತಾರೇನವಾ? ಬಿಡ್ತು ಅನ್ನು!” ಎಂದು ಗದರಿದರು. ನಾನು ಅಂದಾಜಿನ ಮೇಲೆ ಒಂದಿಷ್ಟು ಬಾಡಿಗೆ ಕುರ್ಚಿ ತರಿಸಿದೆ.

ಸಂಜೆ ಶಾಂತವ್ವನವರು ಇಡೀ ಓಣಿಯನ್ನೇ ಕರೆದುಕೊಂಡು ಬಂದರು. ಕುರ್ಚಿ ಸಾಲದೆ ನಾನು ಗೋಡೆಗೊರಗಿ ನಿಂತು ಖುಷಿಯಿಂದ ನಾಟಕ ನೋಡಿದೆ. ಮುಗಿದ ಮೇಲೆ ಎಲ್ಲರೂ “ಬರ್ತೇವ್ರಿ” ಎಂದು ಎದ್ದರು.

ನಾಳೆ ನಮ್ಮಲ್ಲಿ ಯಾವ ಕಾರ್ಯಕ್ರಮವೂ ಇಲ್ಲ. ಆದರೂ ಕುರ್ಚಿಗಳನ್ನು ವಾಪಸು ಕಳಿಸಲು ಧೈರ್ಯ ಸಾಲುತ್ತಿಲ್ಲ.