ದವಡೆ ನೋವೆಂದ ಖಾಲಾ

ಕಳೆದ ವಾರ ಜೇವರ್ಗಿಯ ನಮ್ಮ ಆಸ್ಪತ್ರೆಗೆ ಬಂದ ಹೆಂಗಸೊಬ್ಬಳ ಬಾಯಿಂದ ಲವಂಗದ ವಾಸನೆ ಬರುತ್ತಿತ್ತು. ಹಲ್ಲುನೋವಿಗೆ ಒಂದು ಗುಳಿಗೆ ಸಾಕು ಎಂದಳು. ಹಣೆಯ ಮೇಲೆ ಬೆವರು. ಆ ವಾಸನೆಗೆ, ಗುಳಿಗೆ ತೆಗೆಯಲು ಹೋದ ನನ್ನ ಕೈ ಅಲ್ಲೇ ನಿಂತಿತು...

ನಮ್ಮೂರು ಸರಸಂಬಾದಲ್ಲಿ ನಮ್ಮ ಪಕ್ಕದ ಮನೆಯವಳು ಖಾಲಾ. ರಕ್ತಸಂಬಂಧವೇನಿಲ್ಲ, ಅವಳ ಮಗಳು ನಮ್ಮವ್ವನನ್ನು ಕಾಕಿ ಎನ್ನುತ್ತಿದ್ದಳು, ನಾನು ಈಕೆಯನ್ನು ಖಾಲಾ, ಅಂದರೆ ಚಿಕ್ಕವ್ವ, ಎನ್ನುತ್ತಿದ್ದೆ. ಬಾಗಿಲಲ್ಲೇ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತಿದ್ದಳು. ನಾನು ನರ್ಸಿಂಗ್ ಸೇರಿದಾಗ ಬಿಳಿ ಡ್ರೆಸ್ ಹೊಲಿದುಕೊಟ್ಟವಳೂ ಅವಳೇ. ರಜೆಗೆ ಹೋದಾಗ ಬಿ.ಪಿ. ನೋಡುತ್ತೇನೆಂದರೆ, "ಈ ತೋಳೊಂದು ಮುಗೀಲಿ ತಡಿ" ಎನ್ನುತ್ತಿದ್ದಳು.

ಎರಡನೇ ವರ್ಷದ ರಜೆಯಲ್ಲಿ ಒಂದು ಮುಂಜಾನೆ ನಮ್ಮ ಅಡುಗೆಮನೆಗೆ ಬಂದಳು.

"ದವಡಿ ಸೆಳ್ಯಾಕತ್ತದ ಬೇಟಿ. ಎರಡು ಲವಂಗ ಕೊಡು."

ಕೊಟ್ಟೆ. ಅಂಥ ಚಳಿಯಲ್ಲೂ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ಎದೆ ನೋಯುತ್ತದೆಯೇ ಎಂದು ಕೇಳಿದೆ ಕೂಡ. "ಇಲ್ಲ, ಬರೇ ಸುಸ್ತು" ಎಂದಳು. ನನಗೆ ಅಷ್ಟು ಸಾಕಾಯಿತು. ನಾನು ಓದಿದ ಪಾಠದ ಚಿತ್ರದಲ್ಲಿ ಎದೆ ಹಿಡಿದುಕೊಂಡು ಕುಸಿಯುವವನು ಗಂಡಸು. ಹೆಂಗಸರಿಗೆ ಎದೆ ನೋಯದೆಯೂ ಹೃದಯಾಘಾತ ಆಗಬಹುದು, ದವಡೆಯಲ್ಲೋ ಬೆನ್ನಲ್ಲೋ ನೋವಾಗಿ, ಬರೀ ದಣಿವಾಗಿ ಬರಬಹುದು ಎಂದು ಅದರಲ್ಲಿ ಒಂದು ಸಾಲು ಇತ್ತೋ ಏನೋ... ಇದ್ದರೂ ನನ್ನ ತಲೆಯಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ಅವಳ ಮಗಳು ಓಡಿಬಂದಳು. ಖಾಲಾ ಮಷಿನ್ ಮೇಲೆ ತಲೆಯಿಟ್ಟು ಮಲಗಿದಂತಿದ್ದಳು. ನೆಲಕ್ಕಿಳಿಸಿ, ಕಲಿತಂತೆ ಎಣಿಸುತ್ತಾ ಎದೆ ಒತ್ತಿದೆ. ತೋಳು ಸೋಲುವ ತನಕ ಒತ್ತಿದೆ. ಅವಳು ಏಳಲಿಲ್ಲ. ನನ್ನನ್ನು ಯಾರೂ ದೂರಲಿಲ್ಲ...

ಕಳೆದ ವಾರದ ಹೆಂಗಸನ್ನು ಗುಳಿಗೆ ಕೊಟ್ಟು ಕಳಿಸಲಿಲ್ಲ. ಮಲಗಿಸಿ ಇಸಿಜಿ ತೆಗೆದೆ. ನಮ್ಮ ಡಾಕ್ಟರು ಅದರ ಫೋಟೊವನ್ನು ಕಲಬುರಗಿಯ ಹೃದಯದ ಡಾಕ್ಟರಿಗೆ ಮೊಬೈಲಿನಲ್ಲಿ ಕಳಿಸಿದರು. ಹೃದಯಾಘಾತವೇ ಎಂದು ಕೂಡಲೇ ಉತ್ತರ ಬಂತು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಇಲ್ಲೇ ಕೊಟ್ಟು ಆಂಬುಲೆನ್ಸ್ ಹತ್ತಿಸಿದೆವು. ಅಲ್ಲಿ ಸ್ಟೆಂಟ್ ಹಾಕಿದ್ದಾರೆ. ನಿನ್ನೆ ಅವಳ ಮಗಳು ನಮ್ಮಲ್ಲಿಯ ಇಸಿಜಿ ಚೀಟಿ ಒಯ್ಯಲು ಬಂದವಳು, ಅವ್ವ ಎದ್ದು ಕುಳಿತು ಗಂಜಿ ಕುಡಿದಳೆಂದು ಹೇಳಿದಳು.

"ಹಲ್ಲ ನೋವು ಅಂದ್ರೂ ನಿಮಗ ಹ್ಯಾಂಗ ಗೊತ್ತಾತ್ರಿ ಸಿಸ್ಟರ್?"

"ಹಿಂದಕ ಒಬ್ಬಾಕಿದು ಗೊತ್ತಾಗಿರಲಿಲ್ಲವ್ವ" ಎಂದೆ.

ಖಾಲಾಳ ಮಗಳಿಗೆ ಮಾತ್ರ, ಇಷ್ಟು ವರ್ಷವಾದರೂ, ಈ ಮಾತು ಹೇಳಲು ನನ್ನಿಂದ ಆಗಿಲ್ಲ.